ಕೊನೆಗೆ ಇಟ್ಟ ತೊಗಟೆ

ಬೆಳಿಗ್ಗೆ ಎಂಟಕ್ಕೆ ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಬರ್ಫ ಬರುತ್ತಿತ್ತು. ನಮ್ಮ ಪ್ರಯೋಗಾಲಯದ ಅಟೆಂಡರ್ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಸುತ್ತಲೂ ಕಟ್ಟಿಗೆ ಹುಡಿ ಒತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದ. ದಾಂಡೇಲಿಯಲ್ಲಿ ಯಾವುದಕ್ಕೆ ಬರ ಬಂದರೂ ಕಟ್ಟಿಗೆ ಹುಡಿಗೆ ಬರುವುದಿಲ್ಲ. ಆ ಬರ್ಫವನ್ನು ಒಡೆದು ಸ್ಟೀಲ್ ಡಬ್ಬಿಯಲ್ಲಿ ತುಂಬಿ, ನಡುವೆ ಬೆರಳುದ್ದದ ಒಂದು ಗಾಜಿನ ಕೊಳವೆ ನಿಲ್ಲಿಸಿದರೆ ಆ ದಿನದ ಕೆಲಸ ಶುರುವಾದಂತೆ. ಕೊಳವೆಯಲ್ಲಿ ಇರುತ್ತಿದ್ದದ್ದು ಕಿಣ್ವ. ತಿಂಗಳುಗಟ್ಟಲೆ ಕಾದು ತರಿಸಿದ್ದ ಚಿಟಿಕೆಯಷ್ಟು ಪುಡಿಯನ್ನು ಕಣಕಣದ ಲೆಕ್ಕದಲ್ಲಿ ಕರಗಿಸಿ ಬಳಸುತ್ತಿದ್ದೆವು.

ಆಗ ನನಗೆ ನಲವತ್ತಾರು. ಕೈಗೆತ್ತಿಕೊಂಡ ಕೆಲಸ ಇಷ್ಟು: ಜೊಯಿಡಾ, ಹಳಿಯಾಳ, ಮುಂಡಗೋಡದ ಹಳ್ಳಿಗಳಲ್ಲಿ ಬಾವು, ನೋವಿಗೆ ಬಳಸುವ ಗಿಡಮರಗಳ ಸಾರ ತೆಗೆದು, ಮೈಯಲ್ಲಿ ಉರಿಯೂತ ಎಬ್ಬಿಸುವ ಕಿಣ್ವವನ್ನು ಆ ಸಾರ ತಡೆಯುತ್ತದೋ ಇಲ್ಲವೋ ನೋಡುವುದು. ಮನುಷ್ಯರ ಕಿಣ್ವ ನಮ್ಮಂಥ ಕಾಲೇಜಿಗೆ ಎಟುಕುವುದಲ್ಲ. ಅದರ ದೂರದ ಬಂಧುವೊಂದು ಸೋಯಾಬೀನಿನಲ್ಲಿದೆ, ಲೈಪಾಕ್ಸಿಜಿನೇಸ್ ಅಂತ. ಅದರ ಮೇಲೆಯೇ ನಮ್ಮ ಪರೀಕ್ಷೆ. ಕಿಣ್ವಕ್ಕೆ ಅದರ ಆಹಾರವಾದ ಕೊಬ್ಬಿನ ಆಮ್ಲ ಕೊಟ್ಟರೆ ಅದನ್ನು ಬೇರೆ ಪದಾರ್ಥವಾಗಿ ಬದಲಿಸುತ್ತಾ ಹೋಗುತ್ತದೆ. ಆ ಹೊಸ ಪದಾರ್ಥ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರುತ್ತದೆ. ಎಷ್ಟು ಹೀರಿತೆಂದು ಸ್ಪೆಕ್ಟ್ರೋಫೋಟೋಮೀಟರ್ ಅಳೆಯುತ್ತದೆ, ಅದಕ್ಕೆ ಜೋಡಿಸಿದ ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಕಿಣ್ವ ಚುರುಕಾಗಿದ್ದರೆ ಗೆರೆ ಗುಡ್ಡ ಹತ್ತುತ್ತದೆ. ಸಾರ ಅದನ್ನು ಹಿಡಿದು ಕೂರಿಸಿದರೆ ಗೆರೆ ಮಲಗುತ್ತದೆ. ಗೆರೆ ಮಲಗಿದಷ್ಟೂ ನಮಗೆ ಸಂತೋಷ.

ನಮ್ಮ ಯಂತ್ರ, ದೊಡ್ಡ ಪ್ರಯೋಗಾಲಯವೊಂದು ಹೊಸದು ಬಂದ ಮೇಲೆ ದಾನ ಮಾಡಿದ್ದು. ಅದರ ದೀಪ ಹದಕ್ಕೆ ಬರಲು ಮುಕ್ಕಾಲು ತಾಸು ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮುಕ್ಕಾಲು ತಾಸು. ಹೀಗಾಗಿ ಒಂದು ದಿನದ ಪರೀಕ್ಷೆ ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು. ಅನುಕ್ರಮ ಯಾವಾಗಲೂ ಒಂದೇ. ಮೊದಲು ಯಾವ ಸಾರವೂ ಇಲ್ಲದ ಬರೀ ಕಿಣ್ವ, ಅದಕ್ಕೆ ಕಂಟ್ರೋಲ್ ಎನ್ನುತ್ತೇವೆ. ಉಳಿದ ಗೆರೆಗಳನ್ನೆಲ್ಲ ಇದಕ್ಕೆ ಹೋಲಿಸಿ ನೋಡುವುದು. ಕಿಣ್ವ ಉಳಿಸಬೇಕೆಂದು ಇದನ್ನು ದಿನಕ್ಕೆ ಒಂದೇ ಸಲ ಹಾಕುತ್ತಿದ್ದೆ. ಅದರ ಹಿಂದೆಯೇ, ಬಾವು ಇಳಿಸಲು ಕೊಡುವ ಒಂದು ಗುಳಿಗೆಯ ಔಷಧಿ. ಆಮೇಲೆ ಮೌಳಂಗಿಯ ಹೊಳೆದಂಡೆಯ ಬೇರು, ಜೊಯಿಡಾದ ಗಡ್ಡೆ, ಹಳಿಯಾಳದ ಲಕ್ಕಿ ಗಿಡದ ಎಲೆ. ಎಲ್ಲಕ್ಕಿಂತ ಕೊನೆಗೆ ಮುಂಡಗೋಡದ ತೊಗಟೆ.

ತೊಗಟೆಯನ್ನು ಕೊನೆಗೆ ಇಟ್ಟದ್ದಕ್ಕೆ ವೈಜ್ಞಾನಿಕ ಕಾರಣ ಯಾವುದೂ ಇಲ್ಲ. ನನ್ನ ಸ್ವಭಾವವೇ ಕಾರಣ. ಬಸ್ಸು ಹತ್ತಿ ಕೂತ ಮೇಲೆ ಬರ್ನರ್ ಆರಿಸಿದೆನೋ ಇಲ್ಲವೋ ಎಂದು ಇಳಿದು ಬರುವ ಜಾತಿಯವ ನಾನು. ನನಗೆ ಹೆಚ್ಚು ಆಸೆ ಇದ್ದದ್ದು ಆ ತೊಗಟೆಯ ಮೇಲೆ. ಅದನ್ನು ಕೊಟ್ಟ, ನಾಟಿ ಔಷಧಿ ಮಾಡುವ ಅಜ್ಜಿಯ ಮನೆಗೆ ಹಳಿಯಾಳದಿಂದಲೂ ಜನ ಕುಂಟುತ್ತಾ ಬರುವುದನ್ನು ಕಣ್ಣಾರೆ ಕಂಡಿದ್ದೆ. ಬೆಳಿಗ್ಗೆ ನನ್ನ ಕೈ ನಡುಗುತ್ತದೆ, ಹನಿ ಹೆಚ್ಚುಕಡಿಮೆ ಬಿದ್ದೀತು. ಬೇರು, ಗಡ್ಡೆಗಳ ಮೇಲೆ ಕೈ ಪಳಗಲಿ, ಆಮೇಲೆ ತೊಗಟೆ ಮುಟ್ಟೋಣ ಎಂಬುದು ನನ್ನ ಲೆಕ್ಕ. ಆ ಮರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಏಕೆಂದು ಮುಂದೆ ಗೊತ್ತಾಗುತ್ತದೆ.

ಮೊದಲನೇ ದಿನವೇ ತೊಗಟೆ ಗೆದ್ದಿತು. ಎರಡನೇ ದಿನವೂ ಗೆದ್ದಿತು. ಗುಳಿಗೆಯ ಔಷಧಿಯ ಗೆರೆ ಅರ್ಧ ಗುಡ್ಡ ಹತ್ತಿದರೆ ತೊಗಟೆಯದು ಬಯಲಿನಲ್ಲೇ ಮಲಗಿತ್ತು. ನಮ್ಮ ಅಟೆಂಡರ್ ಹಳಿಯಾಳದವ. ಅಲ್ಲಿಯವರಿಗೆ ಲೋಕವೆಲ್ಲ ಕುಸ್ತಿಯ ಕಣ. ಕಾಗದ ಹರಿದು ನನ್ನ ಮೇಜಿಗೆ ತಂದಿಟ್ಟು, "ಸರ್, ಮುಂಡಗೋಡ ಮತ್ತ ಗೆದ್ದಿತ್ರಿ. ನಮ್ಮ ಹಳಿಯಾಳ ಎರಡನೇದ್ದಕ್ಕ ಬಿತ್ತು" ಎಂದು ವರದಿ ಒಪ್ಪಿಸುತ್ತಿದ್ದ.

"ಲಕ್ಕಿಗೆ ಹಾಲು ತುಪ್ಪ ತಿನಸು" ಎನ್ನುತ್ತಿದ್ದೆ.

"ತಿನಸೂದಲ್ರಿ, ಪಂಚರ ಸರಿ ಇಲ್ಲ" ಎನ್ನುತ್ತಿದ್ದ. ಪಂಚ ಅಂದರೆ ಕುಸ್ತಿಯ ತೀರ್ಪುಗಾರ, ಇಲ್ಲಿ ನಾನೇ. ಆಗ ನಕ್ಕಿದ್ದೆ.

ಮೂರು ವಾರ ಒಂದೇ ಫಲಿತಾಂಶ ಬಂತು. ಧಾರವಾಡದಲ್ಲಿದ್ದ ನನ್ನ ಪಿಎಚ್‌ಡಿ ಮಾರ್ಗದರ್ಶಕರು ಖುಷಿಯಾಗಿ, ವಿಚಾರಸಂಕಿರಣವೊಂದಕ್ಕೆ ಸಾರಾಂಶ ಬರೆದು ಕಳಿಸಿ ಎಂದರು. ಕಳಿಸಿದೆ. ನನಗೆ ಆ ದಿನಗಳಲ್ಲಿ ಚಿಂತೆಯೇ ಹತ್ತಲಿಲ್ಲ. ನನ್ನ ಹೆಂಡತಿ, "ಮೈಯಾಗ ಆರಾಮ ಐತಿಲ್ಲೋ ನಿಮಗ?" ಎಂದು ಎರಡು ಸಲ ಕೇಳಿದಳು.

ತೊಗಟೆ ಮುಗಿಯುತ್ತ ಬಂದಿತ್ತು. ಹಳಿಯಾಳದಲ್ಲಿ ಬಸ್ಸು ಬದಲಿಸಿ, ಕಲಘಟಗಿ ಹಾದು, ಮುಂಡಗೋಡ ಇಳಿದು, ಅಲ್ಲಿಂದ ಅಜ್ಜಿಯ ಕೇರಿಗೆ ಎರಡು ಮೈಲು ನಡೆದೆ. ತೊಗಟೆ ಇನ್ನಷ್ಟು ಬೇಕಿತ್ತು ನಿಜ. ಆದರೆ ಚೀಟಿ ಕಳಿಸಿದ್ದರೂ ಅದು ಬರುತ್ತಿತ್ತು. ನಾನು ಹೋದದ್ದು ಸುದ್ದಿ ಹೇಳಲು.

ಅಜ್ಜಿ ಮರದಿಂದ ತೊಗಟೆ ತೆಗೆಯುವುದನ್ನು ನೋಡುವುದೇ ಒಂದು ಪಾಠ. ಅಂಗೈ ಅಗಲಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ತೆಗೆದ ಜಾಗಕ್ಕೆ ಸೆಗಣಿ, ಮಣ್ಣು ಕಲಸಿ ಮೆತ್ತಿ, ಹಳೇ ಸೀರೆಯ ಅಂಚು ಸುತ್ತಿ ಗಂಟು ಹಾಕುತ್ತಾಳೆ. ಕಾಲು ಉಳುಕಿಸಿಕೊಂಡವರಿಗೆ ಹಾಕುವುದೂ ಅಂಥದ್ದೇ ಗಂಟು. ಅವಳು ಗಂಟು ಬಿಗಿಯುತ್ತಿದ್ದಾಗ ನಾನು ಹೇಳಿದೆ: "ಆಯಿ, ನಿಮ್ಮ ತೊಗಟಿ ಮಶೀನಿನ್ಯಾಗ ಗೆದ್ದೈತಿ. ಗುಳಿಗಿಗಿಂತ ಮ್ಯಾಲೆ ಬಂದೈತಿ."

"ಮಶೀನಿಗೆ ಏನ್ ಉಳುಕಿತ್ತು?" ಎಂದಳು, ತಿರುಗಿ ನೋಡದೆ.

ಇದನ್ನು ನಾನು ಬಹಳ ದಿನ ಒಂದು ಒಳ್ಳೇ ಚಾಷ್ಟಿಯ ಮಾತೆಂದು ನಗುತ್ತ ಜನರಿಗೆ ಹೇಳುತ್ತಿದ್ದೆ.

ಅಂಗಳಕ್ಕೆ ಮರಳಿ ಅದೇ ಸುದ್ದಿಯನ್ನು ಮತ್ತೆ ಹೇಳುತ್ತಿದ್ದಾಗ ಅಜ್ಜಿಯ ಮಗಳು ಚಹಾ ತಂದಳು. ಮೂವತ್ತೈದರ ಆಸುಪಾಸು. ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದಿದ್ದಳು, ಬೆರಳು ಮಡಚುತ್ತಿರಲಿಲ್ಲ. ಗೆಣ್ಣುಗಳು ಊದಿ ಹೊಳೆಯುತ್ತಿದ್ದವು. ಒಂದೂವರೆ ವರ್ಷದಿಂದ ಹುಬ್ಬಳ್ಳಿಯ ದವಾಖಾನೆಯ ಗುಳಿಗೆ ನುಂಗುತ್ತಿದ್ದೇನೆ, ಸ್ವಲ್ಪ ಕಡಿಮೆ ಐತಿ, ಆದರೆ ಮುಖ ಬಾತು ಹೊಟ್ಟೆ ಉರಿಯುತ್ತದೆ ಎಂದಳು. ಗದ್ದೆ ನಾಟಿಯ ಕೆಲಸ ಬಿಟ್ಟಿದ್ದಳು. ಮನೆಯ ರೊಟ್ಟಿ ಮಾತ್ರ ಹೇಗೋ ಬಡಿಯುತ್ತಿದ್ದಳು.

"ಗುಳಿಗಿಗಿಂತ ಇದ ಮ್ಯಾಲಂದ್ರಿ. ಹಂಗಾರ ಗುಳಿಗಿ ಬಿಟ್ಟು ಇದನ್ನ ಕುದಿಸಿ ಕುಡದ್ರ ನಡೀತೈತೇನ್ರಿ ಸರ್?"

ಈ ಪ್ರಶ್ನೆಗೆ ಉತ್ತರ ಹೈಸ್ಕೂಲ್ ಹುಡುಗನಿಗೂ ಗೊತ್ತು. ಡಾಕ್ಟರನ್ನು ಕೇಳವಾ, ಅವರನ್ನು ಕೇಳದೆ ಏನೂ ಬಿಡಬೇಡ. ನಾನು ಹೇಳಿದ್ದು: "ನಮ್ಮ ಮಶೀನಿನ್ಯಾಗಂತೂ ಇದ ಚಲೋ ಬಂದೈತಿ, ತಂಗಿ."

ವಿಜ್ಞಾನಿಯಾಗಿ ನನ್ನಲ್ಲಿದ್ದ ಎಚ್ಚರಿಕೆಯನ್ನೆಲ್ಲ ಆ 'ಅಂತೂ'ದಲ್ಲಿ ತುಂಬಿದ್ದೇನೆಂದು ತಿಳಿದಿದ್ದೆ. ಅವಳಿಗೆ ಕೇಳಿಸಿದ್ದು ಚಲೋ ಎಂಬುದು. ಅಜ್ಜಿ ನನ್ನನ್ನೊಮ್ಮೆ ನೋಡಿ, ಚೀಲದ ಬಾಯಿ ಕಟ್ಟಿ ನನ್ನ ಮುಂದಿಟ್ಟಳು. ನಾನು ತೊಗಟೆಯ ಚೀಲ ಹೆಗಲಿಗೇರಿಸಿ, ಬಸ್ಸು ತಪ್ಪೀತೆಂದು ಹೊರಟೆ.

ತಿಂಗಳ ಮೇಲೆ ಒಂದು ದಿನ, ಮಧ್ಯಾಹ್ನ ಮೂರೂವರೆ. ಬೇರು, ಗಡ್ಡೆ, ಎಲೆ ಮುಗಿದಿದ್ದವು. ತೊಗಟೆಯ ಸಾರದ ಸೀಸೆ ತೆಗೆದರೆ ತಳದಲ್ಲಿ ಒಂದು ಹನಿಯೂ ಇಲ್ಲ. ಹೊಸ ತೊಗಟೆ ಇನ್ನೂ ನೆನೆಯುತ್ತಿತ್ತು. ಕೊಳವೆಯಲ್ಲಿ ಒಂದು ಪರೀಕ್ಷೆಗಾಗುವಷ್ಟು ಕಿಣ್ವ ಉಳಿದಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ. ಸಾರದ ಬದಲು, ಸಾರವನ್ನು ಕರಗಿಸುವ ಬರೀ ಆಲ್ಕೋಹಾಲ್ ಒಂದು ಹನಿ ಹಾಕಿ ಪೆನ್ನು ಬಿಟ್ಟೆ. ಗೆರೆ ಗುಡ್ಡ ಹತ್ತಬೇಕಿತ್ತು. ಹತ್ತಲಿಲ್ಲ. ಬಯಲಿನಲ್ಲಿ ಮಲಗಿತು.

ಅಟೆಂಡರ್ ಬಗ್ಗಿ ನೋಡಿ, "ಇವತ್ತೂ ಮುಂಡಗೋಡನ ಗೆದ್ದಿತ್ರಿ" ಎಂದ.

"ಅದರಾಗ ಮುಂಡಗೋಡ ಇಲ್ಲೋ. ಬರೀ ಸ್ಪಿರಿಟ್ ಐತಿ."

ಅವನು ಕಾಗದವನ್ನೂ ನನ್ನನ್ನೂ ನೋಡಿದ. ನಾನು ಬರ್ಫದ ಡಬ್ಬಿ ನೋಡಿದೆ. ಅದರಲ್ಲಿ ಬರ್ಫ ಇರಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಕೊಳವೆ ಓರೆಯಾಗಿ ತೇಲುತ್ತಿತ್ತು. ಬರ್ಫ ಪ್ರತಿದಿನ ಊಟದ ಹೊತ್ತಿಗೇ ಕರಗುತ್ತಿತ್ತು. ಅದನ್ನು ನೋಡಿಯೂ ಇದ್ದೆವು. ಬೆಳಿಗ್ಗೆ ಚುರುಕಾಗಿದ್ದ ಕಿಣ್ವ ತಂಪಿಲ್ಲದೆ ಸಂಜೆಯ ಹೊತ್ತಿಗೆ ತಾನಾಗಿ ಸಾಯುತ್ತಿತ್ತು. ಗುಳಿಗೆಯ ಔಷಧಿ ಬೆಳಗಿನ ಜೀವಂತ ಕಿಣ್ವದ ಜೊತೆ ಗುದ್ದಾಡಿತ್ತು, ನನ್ನ ತೊಗಟೆ ಸಂಜೆಯ ಹೆಣವನ್ನು ಕೆಡವಿ ಗೆದ್ದಿತ್ತು. ಯಾವುದರ ಮೇಲೆ ನನಗೆ ಹೆಚ್ಚು ಕಾಳಜಿಯೋ ಅದನ್ನು ಕೊನೆಗೆ ಇಡುತ್ತಿದ್ದೆ. ಕೊನೆಗೆ ಇಟ್ಟದ್ದು ಏನಿದ್ದರೂ ಗೆಲ್ಲುತ್ತಿತ್ತು. ಏಳೆಂಟು ವಾರ ನಾನು ಅಳೆದದ್ದು ನನ್ನ ಕಾಳಜಿಯನ್ನೇ.

ಮರುದಿನ ಎಲ್ಲವನ್ನೂ ತಿರುಗಿಸಿದೆವು. ಹೊಸ ತೊಗಟೆಯ ಸಾರ ಸಿದ್ಧವಾಗಿತ್ತು. ಕಂಟ್ರೋಲ್ ಆದ ಕೂಡಲೇ ಅದನ್ನು ಹಾಕಿದೆ, ಲಕ್ಕಿಯನ್ನು ಕೊನೆಗೆ ಇಟ್ಟೆ. ತೊಗಟೆಯ ಗೆರೆ ಕಂಟ್ರೋಲಿನ ಪಕ್ಕಪಕ್ಕದಲ್ಲೇ ಗುಡ್ಡ ಹತ್ತಿತು. ಸಂಜೆ ಲಕ್ಕಿ ಎಲ್ಲರನ್ನೂ ಚಿತ್ ಮಾಡಿತು. ಹಳಿಯಾಳ ಗೆದ್ದದ್ದು ಅದೇ ಮೊದಲು. ಅಟೆಂಡರ್ ಕಾಗದ ಹರಿದು ತಂದಿಟ್ಟ.

"ಹಿಂಗ ಗೆಲ್ಲೂದು ಬ್ಯಾಡ್ರಿ ಸರ್" ಎಂದ.

ಎಸ್‌ಟಿಡಿ ಬೂತಿನಿಂದ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸಾರಾಂಶ ವಾಪಸ್ ತಗೊಳ್ಳೂಣು. ಆದ್ರ ಒಂದ ದಿನದ್ದ ನಂಬಬ್ಯಾಡ್ರಿ. ಹೊಸ ಕಿಣ್ವ ತರಸ್ರಿ, ಮೂರ ಸಲ ಮಾಡ್ರಿ. ಖಾತ್ರಿ ಆಗೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ" ಎಂದರು. ಸರಿಯಾದ ಮಾತೇ. ನಾನಾದರೂ ನನ್ನ ವಿದ್ಯಾರ್ಥಿಗೆ ಅದನ್ನೇ ಹೇಳುತ್ತಿದ್ದೆ. ಹೊಸ ಕಿಣ್ವ ಬರಲು ಒಂದೂವರೆ ತಿಂಗಳು.

ಬೂತಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಗಿರಣಿಯ ಪಾಳಿ ಬಿಟ್ಟಿತ್ತು, ಸೈಕಲ್ಲುಗಳು ಸಾಲಾಗಿ ಹೋಗುತ್ತಿದ್ದವು. ತಲೆಯಲ್ಲಿ ಇದ್ದದ್ದು ಒಂದೇ: ಲೋಟವನ್ನು ಅಂಗೈಯಿಂದ ಒತ್ತಿ ಹಿಡಿದವಳು ಕೇಳಿದ ಪ್ರಶ್ನೆ. ಅವಳು ಗುಳಿಗೆ ಬಿಟ್ಟಿರಲಾರಳು ಎಂದು ಹತ್ತು ಕಾರಣ ಕೊಟ್ಟುಕೊಂಡೆ. ಇಲ್ಲದ ಚಿಂತೆಯನ್ನು ಹುಡುಕಿ ತರುವ ನಾನು, ಇದ್ದ ಚಿಂತೆಯನ್ನು ಕಾರಣ ಕೊಟ್ಟು ಓಡಿಸಲು ನೋಡುತ್ತಿದ್ದೆ. ಕೊನೆಗೆ, ಹೊಗಳಲು ಹೋದಾಗ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ, ತಪ್ಪಾಯಿತೆನ್ನಲು ಮೂರು ಸಲದ ಖಾತ್ರಿ ಯಾಕೆ ಎನ್ನಿಸಿತು. ಮರುದಿನ ರಜೆ ಚೀಟಿ ಬರೆದು ಮೊದಲ ಬಸ್ಸು ಹತ್ತಿದೆ.

ಮನೆಯ ಮುಂದೆ ಅಜ್ಜಿ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು. ಅದನ್ನು ನೋಡಿದ ಕೂಡಲೇ ನನಗೆ ಉತ್ತರ ಸಿಕ್ಕಿತು. ಮಗಳು ಒಳಗೆ ಚಾಪೆಯ ಮೇಲಿದ್ದಳು. ಮೊಣಕಾಲುಗಳು ಊದಿ ಸೀರೆಯ ಮೇಲೆಯೇ ಕಾಣುತ್ತಿದ್ದವು. ಮೈ ಸುಡುತ್ತಿತ್ತು. ನಾನು ಬಂದು ಹೋದ ಮೂರನೇ ದಿನದಿಂದ ಗುಳಿಗೆ ಬಿಟ್ಟಿದ್ದಳಂತೆ. ಮೊದಲ ಕೆಲವು ದಿನ ಹೊಟ್ಟೆ ಉರಿ ಹೋಗಿ ಹಗುರಾಯಿತಂತೆ. ಆಮೇಲೆ ಏಳಲಾಗದೆ ಹೋಯಿತು.

"ಆಯಿ, ನಾನು ತಪ್ಪು ಹೇಳಿದ್ದೆ" ಎಂದೆ. "ತೊಗಟಿ ಗೆದ್ದಿರಲಿಲ್ಲ. ನಾ ಪರೀಕ್ಷಾ ಮಾಡಿದ್ದ ತಪ್ಪಾಗಿತ್ತು."

ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಅದು ಮ್ಯಾಲೆ ಕಟ್ಟೂ ತೊಗಟಿ, ಮಾಸ್ತರ. ನಮ್ಮವ್ವ ಯಾರಿಗೂ ಕುಡಿಸಿದಾಕಿ ಅಲ್ಲ, ನಾನೂ ಅಲ್ಲ. ನೀವು ಮಶೀನಿಗೆ ಹಾಕಿದ್ದು ಕುದಿಸಿದ್ದೋ, ಅರದದ್ದೋ?"

"ಸ್ಪಿರಿಟಿನ್ಯಾಗ ನೆನಸಿದ್ದು."

"ಹಂಗಂತ ಅವತ್ತ ಹೇಳಿದ್ರ ಆಗ್ತಿತ್ತು."

"ಆಯಿ, ನೀವ್ಯಾಕ ಕುಡಿಸಿದ್ರಿ?"

ಕೇಳಬಾರದಿತ್ತು. ಅವಳು ಕೈಯ ಹಿಟ್ಟು ಕೊಡವಿ ನನ್ನ ಕಡೆ ನೆಟ್ಟಗೆ ತಿರುಗಿದಳು. "ಈಕಿ ಎರಡ ವರ್ಷದಿಂದ ಕೇಳಾಕತ್ತಿದ್ಲು. ಇದು ಬ್ಯಾರೆ ಬ್ಯಾನಿ, ನನ್ನ ಕೈಯಾಂದಲ್ಲ, ದವಾಖಾನಿಗೇ ಹೋಗು ಅಂತಿದ್ದೆ. ನಾನ ಹುಬ್ಬಳ್ಳಿಗೆ ಕಳಿಸಿದಾಕಿ. ನೀವು ಬಂದು ಹ್ವಾದ ಮ್ಯಾಲೆ, 'ನಿನಗ ನಿನ್ನ ಔಷಧಿ ಗೊತ್ತಿಲ್ಲವ್ವ, ಓದಿದವ್ರಿಗೆ ಗೊತ್ತೈತಿ' ಅಂದ್ಲು. ಇರಬೇಕು ಅಂದ್ಕೊಂಡೆ."

ಮಗಳು ಒಳಗಿಂದ, "ಬಿಡವಾ" ಎಂದಳು.

ಊರಿನ ಟೆಂಪೋ ಹಿಡಿದು ಮುಂಡಗೋಡಕ್ಕೆ, ಅಲ್ಲಿಂದ ಹುಬ್ಬಳ್ಳಿಯ ಬಸ್ಸಿಗೆ. ಮೂರು ಜನರ ಸೀಟಿನಲ್ಲಿ ಕಾಲು ಚಾಚಿ ಕೂರಿಸಿದೆವು. ಬಸ್ಸು ಕುಲುಕಿದಾಗಲೆಲ್ಲ ಅವಳು ಉಸಿರು ಹಿಡಿಯುತ್ತಿದ್ದಳು. ಅಜ್ಜಿ ಅವಳ ಮೊಣಕಾಲಿನ ಮೇಲೆ ಅಂಗೈ ಇಟ್ಟುಕೊಂಡಿದ್ದಳು, ಆದರೆ ಒತ್ತುತ್ತಿರಲಿಲ್ಲ.

ಡಾಕ್ಟರು ಹಳೇ ಚೀಟಿ ನೋಡಿ, ಇದು ಸ್ಟಿರಾಯ್ಡ್ ಗುಳಿಗೆ, ಒಮ್ಮೆಲೇ ಬಿಡುವಂಥದ್ದಲ್ಲ, ಇಳಿಸುತ್ತ ಇಳಿಸುತ್ತ ಬಿಡಬೇಕು, ಜೀವಕ್ಕೇ ಕುತ್ತು ಬರುವುದಿತ್ತು ಎಂದರು. "ಯಾರು ಬಿಡು ಅಂದ್ರು?"

"ಯಾರೂ ಇಲ್ರಿ" ಎಂದಳು ಅವಳು. "ನಾನ ಬಿಟ್ಟೆ."

ಅಜ್ಜಿ ನೆಲ ನೋಡುತ್ತಿದ್ದಳು. ಹಾಗೇ ಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಡಾಕ್ಟರು ಆಗಲೇ ಪೆನ್ನು ಎತ್ತಿದ್ದರು.

"ನಾನು ಹೇಳಿದ್ದೆ" ಎಂದೆ.

"ನೀವು ಡಾಕ್ಟರ್ ಏನ್ರಿ?"

"ಕೆಮಿಸ್ಟ್ರಿ ಮಾಸ್ತರ."

"ಯಾವ ಆಧಾರದ ಮ್ಯಾಲೆ ಹೇಳಿದ್ರಿ?"

ಹೊರಗೆ ಎಷ್ಟೊಂದು ರೋಗಿಗಳು ಕಾಯುತ್ತಿದ್ದರು. ಅಂಥದ್ದರಲ್ಲಿ ಸೋಯಾಬೀನು, ಕಿಣ್ವ, ಕರಗಿದ ಬರ್ಫ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿದರು. ನಂತರ ಅವಳ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು ಒಂದೊಂದೇ ಗೆಣ್ಣು ಮುಟ್ಟಿ ನೋಡತೊಡಗಿದರು.

ಹದಿನೈದು ದಿನ ಇಟ್ಟುಕೊಂಡು ಕಳಿಸಿದರು. ಜ್ವರ ಹೋಯಿತು, ಮೊಣಕಾಲು ಇಳಿದವು. ಬಲಗೈಯ ಎರಡು ಬೆರಳು ಮಾತ್ರ ಬಾಗಿದಂತೆಯೇ ಉಳಿದವು. ಇದು ಆ ರೋಗ ಮಾಡಿದ್ದೋ, ಆ ಒಂದು ತಿಂಗಳು ಮಾಡಿದ್ದೋ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗುವುದಿಲ್ಲ ಎಂದರು. ಹೊಸ ಕಿಣ್ವ ಬಂದ ಮೇಲೆ, ಪ್ರತಿ ಸಾರಕ್ಕೂ ಒಂದು ಕಂಟ್ರೋಲ್ ಇಟ್ಟು, ಅನುಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ ಮೂರು ಸಲ ಮಾಡಿದೆ. ನಾಲ್ಕರಲ್ಲಿ ಒಂದೂ ಹೇಳಿಕೊಳ್ಳುವಂತೆ ಬರಲಿಲ್ಲ. ಹಾಗೆಯೇ ಬರೆದೆ. ಅದನ್ನು ಯಾರೂ ಅಚ್ಚು ಹಾಕಲಿಲ್ಲ.

ಮಳೆಗಾಲ ಕಳೆದ ಮೇಲೆ ಅವಳನ್ನು ನೋಡಿ ಬರಲು ಹೋಗಿದ್ದೆ. ಬಾಗಿದ ಬೆರಳುಗಳನ್ನು ಬಿಟ್ಟು ಉಳಿದವುಗಳಲ್ಲೇ ಹಿಟ್ಟು ನಾದುವುದನ್ನು ಕಲಿತಿದ್ದಳು. ಅಜ್ಜಿ ಒಳಗಿದ್ದಾಗ ತಗ್ಗಿದ ದನಿಯಲ್ಲಿ ಹೇಳಿದಳು: "ಅವ್ವ ಈಗ ಉಳುಕಿಗೂ ಕಟ್ಟೂದಿಲ್ರಿ ಸರ್. ಬಂದವ್ರಿಗೆಲ್ಲ ದವಾಖಾನಿಗೆ ಹೋಗ್ರಿ ಅಂತಾಳ. ನನಗ ಏನೂ ಗೊತ್ತಿಲ್ಲ ಅಂತಾಳ."

ಅಷ್ಟರಲ್ಲಿ ಹಳಿಯಾಳದ ಕಡೆಯ ರೈತನೊಬ್ಬ ಹೆಂಡತಿಯ ಹೆಗಲು ಹಿಡಿದು ಕುಂಟುತ್ತ ಅಂಗಳಕ್ಕೆ ಬಂದ. ಗದ್ದೆಯ ಬದುವಿನಲ್ಲಿ ಕಾಲು ಹೊರಳಿತ್ತಂತೆ. ಹಿಂದಿನ ದಿನ ದವಾಖಾನೆಯಲ್ಲಿ ಫೋಟೋ ತೆಗೆಸಿದ್ದ. ಎಲುಬು ಮುರಿದಿಲ್ಲ ಎಂದಿದ್ದರು. ಅಜ್ಜಿ ಬಾಗಿಲಲ್ಲಿ ಬಂದು ನಿಂತಳು. ಅವನ ಕಾಲನ್ನು ನೋಡಲಿಲ್ಲ. ನನ್ನ ಕಡೆ ಕೈ ತೋರಿಸಿದಳು.

"ಮಾಸ್ತರ ಕೂತಾರ. ಅವ್ರನ್ನ ಕೇಳ್ರಿ, ಕಟ್ಟಿದ್ರ ಕಡಿಮಿ ಆಗ್ತೈತೋ ಇಲ್ಲೋ. ಓದಿದವ್ರದಾರ."

ರೈತ ನನ್ನ ಕಡೆ ತಿರುಗಿ ಕೈ ಮುಗಿದ. ಅವನ ಹೆಂಡತಿಯೂ ನೋಡಿದಳು. ನಾನು ಹೌದೆಂದರೆ ಅಜ್ಜಿಗೆ ಸಮಾಧಾನವಾದೀತು ಎನ್ನಿಸಿತು. ಹೌದೆನ್ನಲು ನನ್ನ ಬಳಿ ಏನೂ ಇರಲಿಲ್ಲ. ಇಲ್ಲವೆನ್ನಲೂ ಇರಲಿಲ್ಲ, ಕಟ್ಟುವುದನ್ನು ನಾನು ಒಂದು ದಿನವೂ ಪರೀಕ್ಷೆ ಮಾಡಿರಲಿಲ್ಲ.

"ನನಗ ಗೊತ್ತಿಲ್ರಿ" ಎಂದೆ.

"ಗೊತ್ತಿಲ್ಲಂದ್ರ?" ಎಂದಳು ಅಜ್ಜಿ.

"ಖರೇನ ಗೊತ್ತಿಲ್ಲ, ಆಯಿ."

ಅವಳು ಮೆಟ್ಟಿಲಿಳಿದು ಬಂದು ರೈತನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವನ ಹಿಮ್ಮಡಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಹೆಬ್ಬೆರಳಿನಿಂದ ಬಾವಿನ ಅಂಚು ಹುಡುಕುತ್ತ, "ಮಾಸ್ತರ, ನೀವು ಬೆಳಕಿಗೆ ಅಡ್ಡ ಆಗೀರಿ, ಸರೀರಿ" ಎಂದಳು.

ಸರಿದು ಕೂತೆ.